ಹಿಂದಿನ ಸೀಟಿನವಳ ಎತ್ತರ

"ಮಗಳು ಎಷ್ಟೆತ್ತರ ಇದ್ದಾಳೆ ಸಾರ್?" ಎಂದು ಷೋರೂಮಿನಾಕೆ ಕೇಳಿದಳು. ದೊಡ್ಡ ಗಾಡಿ ಕೊಳ್ಳಲು ಬಂದಿದ್ದ ನಿಧಾನಪ್ಪ ತಡಮಾಡದೆ, ತನ್ನ ಸೊಂಟದಿಂದ ಒಂದು ಗೇಣು ಮೇಲೆ ಅಂಗೈ ಚಾಚಿ, "ಇಷ್ಟು" ಎಂದ.

ಅಷ್ಟು ಚಿಕ್ಕವಳಾದರೆ ಈ ಗಾಡಿಯ ಬೆಲ್ಟು ಕುತ್ತಿಗೆಗೆ ಬರುತ್ತದೆ, ಮಕ್ಕಳ ಸೀಟು ಬೇರೆ ಹಾಕಿಸಬೇಕು ಎಂದಳು ಆಕೆ. ಅದರ ಕೊಕ್ಕೆ ಗಟ್ಟಿಯಾಗಿ ಕೂರುವುದು ಪಕ್ಕದಲ್ಲಿದ್ದ ಬಿಳಿ ಗಾಡಿಯಲ್ಲಿ ಮಾತ್ರವಂತೆ. ಆದರೆ ಬಿಳಿಯದಕ್ಕೆ ಹಿಂದಿನ ಸಾಲಿನಲ್ಲಿ ಏರ್‌ಬ್ಯಾಗು ಇಲ್ಲ. ಸರಿ, ಮತ್ತೆ ಮೊದಲಿನಿಂದ ಶುರು.

ನಿಧಾನಪ್ಪ ಎನ್ನುವುದು ಆಸ್ಪತ್ರೆಯಲ್ಲಿ ಜೊತೆಯವರು ಇಟ್ಟ ಹೆಸರು. ಅವನು ಎಕ್ಸ್‌ರೇ ತೆಗೆಯುವವನು. ಗಾಡಿ ಗುದ್ದಿ ಮುರಿದುಕೊಂಡು ಬಂದವರ ಮೂಳೆಗಳನ್ನೇ ದಿನಾ ನೋಡುವವನು ನಿಧಾನಿಸದೆ ಇನ್ನೇನು ಮಾಡಿಯಾನು? ಸಾಲದ್ದಕ್ಕೆ, ಮೂರು ವರ್ಷದ ಹಿಂದೆ ಅವನೇ ಓಡಿಸುತ್ತಿದ್ದ ಪುಟ್ಟ ಕಾರು ಬೆಟ್ಟದ ತಿರುವಿನಲ್ಲಿ ಜಾರಿ, ಮಗಳ ಹಣೆಗೆ ಪೆಟ್ಟಾಗಿತ್ತು. ಆಗಲೇ ಮಗಳ ಜೊತೆ ಬೇರೆ ಊರಲ್ಲಿ ಮನೆ ಮಾಡಿದ್ದ ಹೆಂಡತಿ, ಭದ್ರವಾದ ಗಾಡಿ ತಗೊಂಡ ಮೇಲೆ ರಜೆಗೆ ಅವಳನ್ನ ಕರಕೊಂಡು ಹೋಗಿ, ಅಲ್ಲಿವರೆಗೆ ಬೇಡ ಎಂದುಬಿಟ್ಟಿದ್ದಳು.

ಅಂದಿನಿಂದ ಅಳೆದದ್ದೇ ಅಳೆದದ್ದು, ಸುರಿದದ್ದೇ ಸುರಿದದ್ದು. ಒಂದರ ಬ್ರೇಕು ಚೆನ್ನ, ಬಾಗಿಲು ತೆಳು. ಇನ್ನೊಂದಕ್ಕೆ ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆಯಲ್ಲಿ ಐದು ನಕ್ಷತ್ರ, ಆದರೆ ಅದು ಮುಂದೆ ಕೂತವರಿಗೆ. ಮಗಳು ಕೂರುವುದು ಹಿಂದೆ. ಮತ್ತೊಂದು ತೀರಾ ಎತ್ತರ, ತಿರುವಿನಲ್ಲಿ ಮಗುಚೀತು. ಬಸ್ಸಲ್ಲಾದರೂ ಹೋಗಿ ನೋಡಿಕೊಂಡು ಬಾರಯ್ಯ ಎಂದವರಿಗೆ, ಯಾವ ಮುಖ ಹೊತ್ತು ಹೋಗಲಿ, ಗಾಡಿ ತಗೊಂಡೇ ಹೋಗ್ತೀನಿ ಎನ್ನುತ್ತಿದ್ದ. ವಾರಕ್ಕೊಮ್ಮೆ ಫೋನಿನಲ್ಲಿ ಮಗಳ ಮುಖ ಕಾಣುತ್ತಿತ್ತು. ಮುಖ ಕಂಡರೆ ಎತ್ತರ ಕಂಡೀತೇ? ಫೋನಿಟ್ಟ ಮೇಲೆ ಅವಳ ತಲೆ ಸವರಬೇಕೆಂದು ಜೀವ ಚಡಪಡಿಸುತ್ತಿತ್ತು.

ಯಾವುದಕ್ಕೂ ಸರಿಯಾದ ಅಳತೆಯೇ ಇರಲಿ ಎಂದು ಈಗ ಷೋರೂಮಿನಿಂದಲೇ ಹೆಂಡತಿಗೆ ಫೋನು ಮಾಡಿ, ಮಕ್ಕಳ ಸೀಟು ಹಾಕಿಸಬೇಕು, ಪುಟ್ಟಿಯ ಎತ್ತರ ಹೇಳು ಎಂದ.

ಆ ಕಡೆಯಿಂದ ಹೆಂಡತಿ ಕೇಳಿದಳು, "ಮಕ್ಕಳ ಸೀಟಾ? ಅವಳೀಗ ನನ್ನ ಚಪ್ಪಲಿ ಮೆಟ್ಕೊಂಡು ಓಡಾಡ್ತಾಳೆ."

"ಅಂದ್ರೆ... ಎಷ್ಟುದ್ದ?"

"ನಿಮ್ಮ ಹೆಗಲಿಗೆ ಬರ್ತಾಳೇನೋ. ಪಕ್ಕದಲ್ಲಿ ನಿಲ್ಲಿಸ್ಕೊಂಡು ನೋಡಿದ್ರೆ ತಾನೇ ಗೊತ್ತಾಗೋದು."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎಷ್ಟಂತೆ ಎಂದು ಷೋರೂಮಿನಾಕೆ ಮತ್ತೆ ಕೇಳಿದಳು. ನಿಧಾನಪ್ಪನ ಕೈ ಅಭ್ಯಾಸದಂತೆ ಹಳೆಯ ಜಾಗಕ್ಕೇ ಹೋಯಿತು. ಅಲ್ಲಿಂದ ಮೆಲ್ಲಗೆ ಮೇಲೆದ್ದು, ಎದೆ ದಾಟಿ, ಹೆಗಲ ಹತ್ತಿರ ನಿಂತಿತು.

"ಅಷ್ಟೆತ್ತರ ಇದ್ರೆ ಬಿಡಿ ಸಾರ್, ಯಾವ ಗಾಡಿ ಬೆಲ್ಟಾದ್ರೂ ಸರಿಹೋಗುತ್ತೆ," ಎಂದು ಆಕೆ ನಕ್ಕಳು.

ಅವನು ಕೈ ಇಳಿಸಲಿಲ್ಲ. ಅಂಗೈ ಕೆಳಗೆ ಬರೀ ಗಾಳಿ. ಆದರೂ ಬೆರಳುಗಳು ತಲೆ ಸವರುತ್ತಲೇ ಇದ್ದವು.