ಗೆದ್ದ ಕೋಡ್

ಹಬ್ಬಕ್ಕೂ ರಜೆ ಕೊಡದ ಆಫೀಸು. ಒಂದೇ ಕಂಪ್ಯೂಟರಿನೊಳಗೆ ಹತ್ತಾರು ಕಂಪ್ಯೂಟರುಗಳನ್ನು ಓಡಿಸುವ ಸಾಫ್ಟ್‌ವೇರ್ ಮಾಡುತ್ತಿತ್ತು. ವಾರಿಜಾ, ಸಿದ್ದೇಶ ಇಬ್ಬರೂ ಬೇರೆ ಕಡೆ ಕೆಲಸ ಹಿಡಿದು ರಾಜೀನಾಮೆ ಕೊಟ್ಟಿದ್ದರು.

"ಒಂದೇ ಕೆಲಸಕ್ಕೆ ನೀವಿಬ್ಬರೂ ಬೇರೆ ಬೇರೆ ಕೋಡ್ ಬರೆದಿಟ್ಟಿದ್ದೀರಿ. ಒಂದನ್ನು ತೆಗೆದುಹಾಕಿ, ಆಮೇಲೆ ಹೊರಡಿ," ಎಂದರು ಮ್ಯಾನೇಜರ್.

"ನನ್ನದೇ ಉಳೀಬೇಕು," ವಾರಿಜಾ ಪಟ್ಟು ಹಿಡಿದಳು.

"ಆಯ್ತಮ್ಮ, ನಿಂದೇ ಇರ್ಲಿ," ಸಿದ್ದೇಶ ನಕ್ಕುಬಿಟ್ಟ.

ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದು ಅವಳಿಗೆ ಖುಷಿಯೋ ಖುಷಿ. ಅವನ ಕೋಡನ್ನು ಒಂದು ಸಾಲೂ ಬಿಡದೆ ಅಳಿಸಿದಳು. ಎಲ್ಲವೂ ಸರಿಯಾಗಿಯೇ ಓಡಿತು.

ಸಂಜೆ ಮ್ಯಾನೇಜರ್ ಸಿದ್ದೇಶನ ಕೈಕುಲುಕಿ ಕಳಿಸಿಕೊಟ್ಟರು.

"ಸರ್, ನಾನೂ ಹೊರಡಲಾ?"

"ನೀವು ಹೇಗೆ ಹೋಗ್ತೀರಿ ವಾರಿಜಾ? ಉಳಿದಿರೋ ಕೋಡ್ ಅರ್ಥ ಆಗೋದು ನಿಮಗೊಬ್ಬರಿಗೇ ಅಲ್ವಾ?"