ಎತ್ತಿನ ಕಣ್ಣಿಗೆ ರುಮಾಲು

"ಮೋಟಾರು ನಿಂತಿತ್ತೋ, ಓಡತಿತ್ತೋ?"

ಸರಕಾರಿ ವಕೀಲರು ಮರಾಠಿಯಲ್ಲಿ ಕೇಳಿದ್ದನ್ನು ಕಾರಕೂನ ಕನ್ನಡದಲ್ಲಿ ಹೇಳಿದ. ಸೊಲ್ಲಾಪುರದ ಕೋರ್ಟಿನಲ್ಲಿ ಆರೋಪಿಯಾಗಿ ನಿಂತಿದ್ದ ಡ್ರೈವರ್ ಹಣಮಂತಪ್ಪನ ಜೀವ ಬಾಯಿಗೆ ಬಂತು. ಬೇಫಿಕೀರಿಯಿಂದ ಮೋಟಾರು ನಡೆಸಿ ವಾಗದರಿಯ ಕಲ್ಲಣ್ಣನ ಸಾವಿಗೆ ಕಾರಣನಾದ ಎಂಬುದು ಖಟ್ಲೆ. ಸಾಬೀತಾದರೆ ಎರಡು ವರ್ಷ ಸಜಾ. ಮನೆಯಲ್ಲಿ ಹೆಂಡತಿಗೆ ಎಂಟು ತಿಂಗಳು. ಸಾಕ್ಷಿ ಹೇಳಲು ನಿಂತವಳೋ ಸತ್ತವನ ಹೆಂಡತಿ ಸುಗಲಾಬಾಯಿ. ಅವಳ ಬಾಯಿಂದ "ಓಡತಿತ್ತು" ಎಂಬ ಒಂದು ಮಾತು ಬಂದರೆ ಮುಗಿಯಿತು. ಹಾಗೇ ಹೇಳೆಂದು ಊರ ಗೌಡ ಮೂರು ದಿನ ಅವಳಿಗೆ ಗಿಣಿಪಾಠ ಮಾಡಿಸಿದ್ದ. ಮೋಟಾರಿನ ಮಾಲಕನ ಮೇಲೆ ಗೌಡನಿಗೆ ಹಳೆಯ ಜಿದ್ದು.

ಅಕ್ಕಲಕೋಟೆ ರಸ್ತೆಗೆ ಮೋಟಾರು ಸರ್ವಿಸು ಬಂದು ಆಗ ಎರಡೇ ವರ್ಷ. ಅದನ್ನು ಕಂಡರೆ ಎತ್ತುಗಳು ಬೆದರಿ ಹೊಲಕ್ಕೆ ನುಗ್ಗುತ್ತಿದ್ದವು. ಹಾಗಾಗಿ ಒಂದು ರೂಢಿ ಬಿದ್ದಿತ್ತು. ಗಾಡಿಯವನು ಇಳಿದು ತನ್ನ ರುಮಾಲು ಬಿಚ್ಚಿ ಎತ್ತಿನ ಕಣ್ಣಿಗೆ ಕಟ್ಟಬೇಕು, ಮುಂದೆ ನಿಂತು ಮೂಗುದಾರ ಹಿಡಿದು ನಡೆಸಬೇಕು. ಡ್ರೈವರು ಮೋಟಾರು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಗಾಡಿ ದಾಟುವ ತನಕ ಕಾಯಬೇಕು. ಕಾಯದೆಯ ಪುಸ್ತಕದಲ್ಲಿ ಇದನ್ನು ಯಾರೂ ಬರೆದಿರಲಿಲ್ಲ. ಆದರೆ ಕಣ್ಣು ಕಟ್ಟಿದ ಎತ್ತಿಗೆ ಮೈಯೆಲ್ಲ ಕಿವಿ ಎಂಬುದು ಮನೆಯಲ್ಲಿ ಎತ್ತು ಕಟ್ಟಿದವರಿಗೆಲ್ಲ ಗೊತ್ತು.

ಅಂದು ವಳಸಂಗದ ಹತ್ತಿರ ಕಲ್ಲಣ್ಣ ತನ್ನ ಪಾಲಿನದನ್ನು ಮಾಡಿದ್ದ. ಹಣಮಂತಪ್ಪ ಅರ್ಧ ಮಾತ್ರ ಮಾಡಿದ್ದ. ಮೋಟಾರು ನಿಲ್ಲಿಸಿದ, ಇಂಜಿನ್ ಬಂದ್ ಮಾಡಲಿಲ್ಲ. ಅದನ್ನು ಮತ್ತೆ ಚಾಲೂ ಮಾಡಲು ಕೆಳಗಿಳಿದು ಹ್ಯಾಂಡಲ್ ತಿರುವುವುದೆಂದರೆ ರಟ್ಟೆ ಬಿದ್ದು ಹೋಗುತ್ತಿತ್ತು. ಹಿಂದೆ ಕೂತವರು ರೈಲು ತಪ್ಪುತ್ತದೆಂದು ಅವಸರ ಮಾಡುತ್ತಿದ್ದರು. ಗುರುಗುಡುತ್ತಿದ್ದ ಇಂಜಿನ್ ಒಮ್ಮೆ ಫಟ್ ಎಂದು ಸಿಡಿಯಿತು. ಎತ್ತು ಜಿಗಿದವು, ಗಾಡಿಯ ಗಾಲಿ ಕೆಳಗೆ ಬಿದ್ದ ಕಲ್ಲಣ್ಣನ ಎದೆಯ ಮೇಲೆ ಹಾಯಿತು. ಈ ಒಂದು ಸಂಗತಿಯನ್ನು ಹಣಮಂತಪ್ಪ ತನ್ನ ವಕೀಲರಿಗೂ ಹೇಳಿರಲಿಲ್ಲ.

"ನಿಂತಿತ್ತರಿ ಸಾಹೇಬ್ರ," ಎಂದಳು ಸುಗಲಾಬಾಯಿ.

ಗೌಡನ ಮುಖ ಹುಳ್ಳಗಾಯಿತು. ವಕೀಲರು ಮತ್ತೆ ಕೇಳಿದರು, ಕಾರಕೂನ ತನ್ನದೂ ಒಂದಿಷ್ಟು ಸೇರಿಸಿ, "ನೆನಪ ಮಾಡಿಕೊಂಡು ಹೇಳವ್ವಾ, ಜೋರ್‍ಲೇ ಬರತಿತ್ತಲ್ಲ?" ಎಂದ.

"ಸತ್ತಾಂವ ನನ್ನ ಗಂಡ. ಸುಳ್ಳ ಹೇಳಿದರ ಎದ್ದು ಬರ್ತಾನೇನ್ರಿ? ಹತ್ತು ಮಾರು ದೂರ ನಿಂತಿತ್ತು."

ಇಷ್ಟು ಹೇಳಿದವಳು ಕೆಳಗಿಳಿಯದೆ ನಿಂತೇ ಇದ್ದಳು. "ಮತ್ತೇನರ ಕೇಳೂದು ಅದನ್ರಿ?" ಎಂದು ತಾನೇ ಕೇಳಿದಳು.

"ಏನಿಲ್ಲ, ಇಳಿ," ಎಂದ ಕಾರಕೂನ.

ನಿಂತ ಮೋಟಾರನ್ನು ಬೇಫಿಕೀರಿಯಿಂದ ನಡೆಸಲು ಬರುವುದಿಲ್ಲ ಎಂದು ಸಾಹೇಬರು ಊಟದ ಹೊತ್ತಿಗಿಂತ ಮುಂಚೆಯೇ ತೀರ್ಪು ಹೇಳಿಬಿಟ್ಟರು. ಹಣಮಂತಪ್ಪ ಖುಲಾಸೆಯಾದ. ಹೊರಗೆ ಬಂದು ಸಿದ್ಧರಾಮನ ಗುಡಿಯ ದಿಕ್ಕಿಗೆ ನೆಲಮುಟ್ಟಿ ನಮಸ್ಕಾರ ಮಾಡಿದ. ಖಾನಾವಳಿಯಲ್ಲಿ ಕೂತು ನಾಲ್ಕು ಜೋಳದ ಭಕ್ಕರಿ ಉಂಡ. ಮಾಲಕ ಖುಷಿಯಲ್ಲಿ ಮೂರು ಗಂಟೆಯ ಸರ್ವಿಸನ್ನು ಅವನಿಗೇ ಕೊಟ್ಟ.

ಮೋಟಾರು ಬಿಡುವಾಗ ಸುಗಲಾಬಾಯಿ ಬಂದು ನಿಂತಳು. ಸಿಟ್ಟಿಗೆದ್ದ ಗೌಡ ಅವಳನ್ನು ಬಿಟ್ಟು ಹೋಗಿದ್ದ.

"ಅಕ್ಕಲಕೋಟಿ ತನಕ ಒಯ್ತೀ ಏನ್ ತಮ್ಮಾ? ಅಲ್ಲಿಂದ ನಾ ನಡಕೋತ ಹೋಗ್ತೀನಿ."

ಹಣಮಂತಪ್ಪ ಕೈಮುಗಿದು ಅವಳನ್ನು ಮುಂದೆ ತನ್ನ ಪಕ್ಕದಲ್ಲೇ ಕೂಡಿಸಿಕೊಂಡ. ವಳಸಂಗದಲ್ಲಿ ಮಂದಿಯೆಲ್ಲ ಇಳಿದರು, ಉಳಿದವರು ಇವರಿಬ್ಬರೇ. ಊರು ದಾಟಿದ್ದೇ ತಡ, ಎದುರಿಗೊಂದು ಎತ್ತಿನ ಗಾಡಿ ಬಂತು. ಗಾಡಿಯವನು ಇಳಿದು ರುಮಾಲು ಬಿಚ್ಚತೊಡಗಿದ. ಹಣಮಂತಪ್ಪ ದೂರದಲ್ಲೇ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ. ಜೋಳದ ಗರಿಗಳ ಸಪ್ಪಳ ಕೇಳುವಷ್ಟು ಶಾಂತವಾಯಿತು. ಕಣ್ಣು ಕಟ್ಟಿದ ಎತ್ತುಗಳು ಗಂಟೆ ಅಲ್ಲಾಡಿಸುತ್ತ ಪಕ್ಕದಲ್ಲೇ ಹಾದು ಹೋದವು.

ಗಾಡಿ ದಾಟಿದರೂ ಅವನು ಏಳಲಿಲ್ಲ.

"ಯವ್ವಾ, ಅವತ್ತ ನಾ ಇಂಜಿನ್ ಬಂದ್ ಮಾಡಿದ್ದಿಲ್ಲ."

ಹೇಳಿದ ಮೇಲೆ ಅವನಿಗೆ ಅಳು ಬಂತು, ಅದರ ಹಿಂದೆಯೇ ಎದೆ ಹಗುರವಾಯಿತು. ಕೋರ್ಟು ಖುಲಾಸೆ ಮಾಡಿದಾಗ ಆಗಿದ್ದ ಸಮಾಧಾನ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

"ಗೊತ್ತದ," ಎಂದಳು ಸುಗಲಾಬಾಯಿ. "ನಾ ಗಾಡ್ಯಾಗ ಕೂತಿದ್ನಲ್ಲ."

"ಮತ್ತ ಸಾಹೇಬರ ಮುಂದ ಯಾಕ ಹೇಳಲಿಲ್ಲ?"

"ಕೇಳಿದ್ರ ಹೇಳ್ತಿದ್ದೆ. ಇಂಜಿನ್ ಬಂದ್ ಇತ್ತೇನು ಅಂತ ಕೇಳಲಿ ಅಂತನ ನಿಂತಿದ್ದೆ. ಕೇಳಾವ್ರಾಗ ಮನ್ಯಾಗ ಎತ್ತು ಕಟ್ಟಿದಾಂವ ಒಬ್ಬನೂ ಇದ್ದಿದ್ದಿಲ್ಲ." ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಇಳಿ ಇನ್ನ, ಹ್ಯಾಂಡಲ್ ತಿರವು. ಗಾಡಿ ಕಂಡಾಗೊಮ್ಮೆ ಬಂದ್ ಮಾಡು, ಮತ್ತ ಇಳದು ತಿರವು. ಅಷ್ಟು ಸಜಾ ಸಾಕು ನಿನಗ."