ಖಾಲಿ ಬೆಂಚುಗಳು

ಸಮುದ್ರ ದಾಟಿ ಬಂದಿದ್ದ ಎಳೆಯ ಪಾದ್ರಿ ಸಂಜೆ ಜಗಲಿಯಲ್ಲಿ ಕೂತು ಊರವರಿಗೆ ಔಷಧಿ ಕೊಡುತ್ತಿದ್ದ. ಮಾತ್ರೆ ಬೇಕೆಂದವರು ಮೊದಲು ಅವನ ಉಪದೇಶ ನುಂಗಬೇಕಿತ್ತು.

"ಭಾನುವಾರ ಪ್ರಾರ್ಥನೆಗೆ ಬನ್ನಿ," ಎನ್ನುತ್ತಿದ್ದ.

"ಬರ್ತೀವಿ ಬುದ್ಧಿ," ಎಂದು ಎಲ್ಲರೂ ಎದ್ದು ಹೊರಡುತ್ತಿದ್ದರು. ಭಾನುವಾರ ಬೆಂಚುಗಳು ಖಾಲಿ.

ಒಂದು ದಿನ ಅವನು ಅಡುಗೆಯ ದ್ಯಾವಮ್ಮನ ಮೇಲೆ ರೇಗಿದ. "ನಿಮ್ಮ ಜನ ಬಾಯಿ ತೆರೆದರೆ ಸುಳ್ಳು! ಬರುತ್ತೇವೆ ಎನ್ನುತ್ತಾರೆ, ಬರುವುದಿಲ್ಲ."

"ಅದು ಹೊರಡೋವಾಗ ಆಡೋ ಮಾತು ಬುದ್ಧಿ. ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ?"

"ಹೋಗುವವನು ಹೋಗುತ್ತೇನೆ ಎನ್ನಬೇಕು. ನನ್ನ ನಾಲಿಗೆಯಲ್ಲಿ ಸುಳ್ಳು ಹೊರಳುವುದಿಲ್ಲ."

ಅಂದಿನಿಂದ ಯಾರ ಮನೆಯಿಂದ ಹೊರಟರೂ ಅವನು ಎದೆಯುಬ್ಬಿಸಿ, "ನಾನು ಹೋಗುತ್ತೇನೆ," ಎನ್ನತೊಡಗಿದ. ಹೆಂಗಸರು "ಬಿಡ್ತು ಅನ್ನಿ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಎಂಥ ಮೂಢರು ಎಂದು ಅವನು ಮೂಗು ಮುರಿಯುತ್ತಿದ್ದ.

ಕೊನೆಗೆ ಮಿಷನ್ನಿನವರು ಅವನನ್ನು ಸ್ವದೇಶಕ್ಕೆ ಕರೆಸಿಕೊಂಡರು. ಮತ್ತೆ ಕಳಿಸುವ ಮಾತೇ ಇರಲಿಲ್ಲ, ಅದು ಊರಿಗೆಲ್ಲ ಗೊತ್ತಿತ್ತು. ಬೀಳ್ಕೊಡಲು ಬಸ್ ಸ್ಟ್ಯಾಂಡಿಗೆ ಅವನ ಬೆಂಚುಗಳೆಲ್ಲ ತುಂಬಿ ಮಿಗುವಷ್ಟು ಜನ ಬಂದಿದ್ದರು. ದ್ಯಾವಮ್ಮ ರಾಗಿ ರೊಟ್ಟಿಯ ಬುತ್ತಿಯನ್ನು ಅವನ ಕೈಗಿಟ್ಟಳು.

ಅವನು ಬಾಯಿ ತೆರೆದ. ಹೆಂಗಸರು ಆಗಲೇ ಕಿವಿ ಮುಚ್ಚಿಕೊಂಡರು.

"ಬರ್ತೀನಿ ದ್ಯಾವಮ್ಮ," ಎಂದ.

"ಬನ್ನಿ ಬುದ್ಧಿ," ಎಂದಳು ದ್ಯಾವಮ್ಮ. "ನೀವು ಬಂದ ಭಾನುವಾರ ನಾವೂ ಬರ್ತೀವಿ."